ಸಹಾಯ ಬೇಕು: ಹಾಸ್ಯ ಧಾರಾವಾಹಿಯ ಮೊದಲ ಕಂತು, ನಡುಭಾಗ ಎಳೆಯುತ್ತಿದೆ

ಎಲ್ಲರಿಗೂ ನಮಸ್ಕಾರ. ಆನ್‌ಲೈನ್‌ನಲ್ಲಿ ಬಟ್ಟೆ ಮಾರಲು ಹೊರಟ ಹುಡುಗಿಯ ಕಥೆ. ಅರ್ಧ ಗಂಟೆಯ ಸ್ಲಾಟ್‌ನಲ್ಲಿ ಜಾಹೀರಾತು ಕಳೆದರೆ ಉಳಿಯುವುದು ಸುಮಾರು 22 ನಿಮಿಷ. ಸ್ಕ್ರಿಪ್ಟ್ ಮಾತ್ರ 34 ಪುಟ, ಅಷ್ಟು ಹೊತ್ತಿನಲ್ಲಿ ಹಿಡಿಸುವುದಿಲ್ಲ.

ತೊಡಕಿರುವುದು 11ರಿಂದ 19ನೇ ಪುಟದವರೆಗೆ. 300ಕ್ಕೆ ಮಾರಿದ ಡ್ರೆಸ್ಸಿಗೆ ಬಟ್ಟೆ, ಹೊಲಿಗೆ, ಕೊರಿಯರ್ ಸೇರಿ 340 ಖರ್ಚಾಗಿದೆ. ಆರ್ಡರ್ ಹೆಚ್ಚಾದಷ್ಟೂ ನಷ್ಟ, ಅವಳಿಗೋ ಸಂಭ್ರಮ. ನಗು ಇರುವುದೇ ಇಲ್ಲಿ. ಆದರೆ ಲೆಕ್ಕ ಬಿಡಿಸಿ ಹೇಳಲು ಗೆಳತಿಯ ಬಾಯಲ್ಲಿ ಎರಡು ಪುಟ ಮಾತು ತುರುಕಿದ್ದೇವೆ, ಅಷ್ಟರಲ್ಲಿ ನಗು ಆರಿಹೋಗುತ್ತದೆ. ಬಿಲ್ಲಿನ ಕ್ಲೋಸಪ್ ಇಟ್ಟರೆ ಮೊಬೈಲಿನಲ್ಲಿ ನೋಡುವವರಿಗೆ ಅಂಕಿ ಕಾಣುವುದಿಲ್ಲ.

2017ರ ನೆಟ್‌ಫ್ಲಿಕ್ಸ್ ಸರಣಿ 'ಗರ್ಲ್‌ಬಾಸ್' ಇದನ್ನು ಸಲೀಸಾಗಿ ದಾಟುತ್ತದೆ: 9 ಡಾಲರಿನ ಹಳೇ ಜಾಕೆಟ್, 600ಕ್ಕೂ ಹೆಚ್ಚಿಗೆ ಮಾರಾಟ. ಎರಡೇ ಅಂಕಿ, ವಿವರಣೆ ಬೇಡ. ಅಲ್ಲಿರುವುದು ಲಾಭ ಅನ್ನಿ. ನಷ್ಟವನ್ನು ಅಷ್ಟೇ ಚುಟುಕಾಗಿ ತೋರಿಸುವುದು ಕಷ್ಟ.

ಸಿಟ್‌ಕಾಮ್ ಬರೆದವರು, ಎಡಿಟ್ ಮಾಡಿದವರು ಹೇಳಿ: ಕೊರಿಯರ್ ಹುಡುಗನ ಕೈಗೆ ದುಡ್ಡು ಎಣಿಸುವ ಒಂದೇ ದೃಶ್ಯಕ್ಕೆ ಲೆಕ್ಕ ಇಳಿಸಬಹುದೇ? ಮನೆ ಓನರ್‌ನ ಉಪಕಥೆಯನ್ನು ಎರಡನೇ ಕಂತಿಗೆ ತಳ್ಳಿದರೆ ಆರು ಪುಟ ಉಳಿಯುತ್ತದೆ, ಆದರೆ ಬಾಡಿಗೆಯ ಒತ್ತಡವೂ ಹೋಗುತ್ತದೆ. ಓದಲು ಸಿದ್ಧರಿದ್ದವರು ಕಾಮೆಂಟ್ ಹಾಕಿ, ಆ ಒಂಬತ್ತು ಪುಟದ ಪಿಡಿಎಫ್ ಕಳಿಸುತ್ತೇವೆ.