‘ಗಡಿಹೋಕ’ ಅನ್ನಬಹುದೇ? (ಗಡಿಪಾರು ಅಂತೂ ಬೇಡ)

ಗೆಳೆಯರೇ, ಒಂದು ಪದಕ್ಕಾಗಿ ಮೂರು ದಿನದಿಂದ ತಡಕಾಡುತ್ತಿದ್ದೇನೆ. ಲಕ್ಸೆಂಬರ್ಗ್ ಬಗ್ಗೆ ಬರೆಯುತ್ತಿದ್ದೇನೆ. ಫ್ರಾನ್ಸ್, ಜರ್ಮನಿ, ಬೆಲ್ಜಿಯಂ ಮೂರೂ ಕಡೆಯಿಂದ 2 ಲಕ್ಷಕ್ಕೂ ಜಾಸ್ತಿ ಜನ ಆ ಪುಟ್ಟ ದೇಶಕ್ಕೆ ಕೆಲಸಕ್ಕೆ ಬಂದು, ಸಂಜೆ ತಮ್ಮ ದೇಶದ ಮನೆಗೆ ಊಟಕ್ಕೆ ಹೋಗುತ್ತಾರೆ. ಅಲ್ಲಿ ದುಡಿಯುವವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಇವರೇ. ಜರ್ಮನ್ನರು ಇವರನ್ನು ‘ಗ್ರೆನ್ಸ್‌ಗೆಂಗರ್’ ಅನ್ನುತ್ತಾರೆ, ಗಡಿಯಲ್ಲಿ ನಡೆದಾಡುವವ ಅಂತ. ಕನ್ನಡದಲ್ಲಿ ಏನನ್ನೋಣ?

‘ವಲಸಿಗ’ ಆಗಲ್ಲ, ಇವರು ಊರೇ ಬಿಟ್ಟಿಲ್ಲವಲ್ಲ. ಗಡಿನಾಡಿಗ ಅಂದರೆ ಗಡಿಯ ಹತ್ತಿರ ಇರುವವನು, ಅವನು ದಾಟಲೇಬೇಕು ಅಂತೇನಿಲ್ಲ. ‘ಗಡಿ ದಾಟಿ ಬಂದವರು’ ಅಂತ ಬರೆದು ನೋಡಿದೆ, ಥೇಟ್ ನುಸುಳುಕೋರರ ಸುದ್ದಿ ಓದಿದ ಹಾಗಾಯಿತು. ‘ಗಡಿಪಾರು’ ಇನ್ನೂ ಮಜಾ. ಬಿಡಿಸಿ ನೋಡಿದರೆ ಗಡಿ ದಾಟುವುದೇ, ಆದರೆ ಬಳಕೆಯಲ್ಲಿ ಅದು ರೌಡಿಗಳಿಗೆ ಮೀಸಲು. ನಮ್ಮ ಗಡಿಯ ಮಾತುಗಳಲ್ಲೆಲ್ಲ ಒಬ್ಬ ಕಾವಲುಗಾರ ನಿಂತೇ ಇರುತ್ತಾನೆ, ಅಲ್ವಾ?

ಅಲ್ಲಿ ಅವನು ಬಹುಮಟ್ಟಿಗೆ ಎದ್ದು ಹೋಗಿದ್ದಾನೆ. ನಮಗೆ ಷೆಂಗೆನ್ ಅಂದರೆ ವೀಸಾ ಅಷ್ಟೇ, ಆದರೆ ಅದು ಮೊಸೆಲ್ ನದಿ ದಂಡೆಯ ಲಕ್ಸೆಂಬರ್ಗಿನ ಒಂದು ಹಳ್ಳಿ. 1985ರಲ್ಲಿ ಅಲ್ಲೇ ಹಡಗಿನ ಮೇಲೆ ಗಡಿ ತಪಾಸಣೆ ತೆಗೆಯುವ ಒಪ್ಪಂದಕ್ಕೆ ಸಹಿ ಬಿತ್ತು, 1995ರಲ್ಲಿ ಮಾಮೂಲಿ ತಪಾಸಣೆ ನಿಂತಿತು. ಈಗ ಸಂಬಳ ಒಂದು ದೇಶದಲ್ಲಿ, ಮಕ್ಕಳ ಶಾಲೆ ಇನ್ನೊಂದರಲ್ಲಿ, ಪೆಟ್ರೋಲ್ ಮಾತ್ರ ಅಗ್ಗ ಅಂತ ಲಕ್ಸೆಂಬರ್ಗಿನಲ್ಲಿ. 2020ರ ಕೊರೊನಾ ಕಾಲದಲ್ಲಿ ಜರ್ಮನಿ ಮತ್ತೆ ಕಾವಲು ಹಾಕಿದಾಗ ಇವರು ಕೆಲಸದ ಚೀಟಿ ತೋರಿಸಿ ದಾಟಬೇಕಾಯಿತು.

ನನಗೆ ಹೊಳೆದದ್ದು ‘ಗಡಿಹೋಕ’, ದಾರಿಹೋಕ ಇದ್ದ ಹಾಗೆ. ಕಿವಿಗೆ ಚೆನ್ನಾಗಿದೆ. ಆದರೆ ದಾರಿಹೋಕನಿಗೆ ಊರಿನ ಹಂಗಿಲ್ಲ, ಅವನು ಸುಮ್ನೆ ಹಾದು ಹೋಗುವವನು. ಇವರಿಗೆ ಎರಡೂ ಕಡೆ ನಂಟು. ಯುರೋಪಿನ ಕಾನೂನಿನ ಪ್ರಕಾರ ವಾರಕ್ಕೆ ಒಮ್ಮೆಯಾದರೂ ಮನೆಗೆ ಮರಳಿದರೆ ಮಾತ್ರ ಈ ಹೆಸರು, ಅಂದರೆ ಹೋಗುವಷ್ಟೇ ಬರುವುದೂ ಮುಖ್ಯ. ನಾವು ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಅನ್ನದೆ ‘ಹೋಗಿ ಬರ್ತೀನಿ’ ಅನ್ನುತ್ತೇವಲ್ಲ, ಆ ‘ಬರುವುದು’ ಪದದೊಳಗೆ ಕೂರಬೇಕು. ‘ಗಡಿ ಹೋಗಿಬರುವವರು’ ಉದ್ದವಾಯಿತು, ತಲೆಬರಹಕ್ಕೆ ಹಿಡಿಸಲ್ಲ.

ಮಂಜೇಶ್ವರ, ಕಾಸರಗೋಡಿನ ಕಡೆಯವರು ಯಾರಾದರೂ ಇದ್ದೀರಾ? ದಿನವೂ ತಲಪಾಡಿ ಗಡಿ ದಾಟಿ ಮಂಗಳೂರಿಗೆ ಕೆಲಸಕ್ಕೆ ಹೋಗುವವರಿಗೆ ನಿಮ್ಮಲ್ಲಿ ಒಂದು ಹೆಸರಿದೆಯೇ? ತುಳುವಿನದ್ದಾದರೂ ಪರವಾಗಿಲ್ಲ.