ಬಿಸಿಲೂರಿನ ಕಾರಿಗೆ ದಪ್ಪ ಆಯಿಲ್ ಬೇಕೇ?

ಪ್ರಶ್ನೆ:
ನನ್ನದು 2017ರ 1.2 ಲೀಟರ್ ಪೆಟ್ರೋಲ್ ಕಾರು, 78,000 ಕಿಲೋಮೀಟರ್ ಓಡಿದೆ. ಕೈಪಿಡಿಯಲ್ಲಿ 5ಡಬ್ಲ್ಯೂ-30 ಎಂದಿದ್ದರೂ, ರಾಯಚೂರಿನ ಬೇಸಿಗೆಗೆ ಅಷ್ಟು ತೆಳುವಾದ ಆಯಿಲ್ ತಡೆಯದೆಂದು ನಮ್ಮ ಮೆಕ್ಯಾನಿಕ್ ಕಳೆದ ಸರ್ವಿಸ್‌ನಲ್ಲಿ 20ಡಬ್ಲ್ಯೂ-50 ಹಾಕಿದರು. ಅಂದಿನಿಂದ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಮೂರ್ನಾಲ್ಕು ಸೆಕೆಂಡು ಟಕಟಕ ಸದ್ದು ಬಂದು ನಿಲ್ಲುತ್ತದೆ, ಮೈಲೇಜ್ ಕೂಡ ಸ್ವಲ್ಪ ಇಳಿದಂತಿದೆ. ಅವರು ಇಪ್ಪತ್ತು ವರ್ಷ ಪಳಗಿದವರು, ಅವರ ಮಾತನ್ನು ತಳ್ಳಿಹಾಕಲು ಮನಸ್ಸಾಗುತ್ತಿಲ್ಲ. 43 ಡಿಗ್ರಿ ಬಿಸಿಲಿನಲ್ಲಿ ಯಾವ ದರ್ಜೆ ಸರಿ?

ಉತ್ತರ 1:
ಕೈಪಿಡಿಯ 5ಡಬ್ಲ್ಯೂ-30ಕ್ಕೇ ಮರಳಿ. ಹೊರಗಿನ ಬಿಸಿಲು ಎಷ್ಟೇ ಇರಲಿ, ಕೂಲೆಂಟ್‌ನ ಉಷ್ಣತೆಯನ್ನು ಥರ್ಮೋಸ್ಟಾಟ್ ಮತ್ತು ಫ್ಯಾನ್‌ಗಳು ಸುಮಾರು 90 ಡಿಗ್ರಿಯ ಆಸುಪಾಸಿನಲ್ಲೇ ಹಿಡಿದಿಡುತ್ತವೆ. ಆದ್ದರಿಂದ ರಾಯಚೂರಿನಲ್ಲಿ ಓಡುವ ಎಂಜಿನ್‌ಗೂ ಮಡಿಕೇರಿಯಲ್ಲಿ ಓಡುವ ಎಂಜಿನ್‌ಗೂ ಒಳಗಿನ ಶಾಖದಲ್ಲಿ ನಾವು ಊಹಿಸುವಷ್ಟು ಅಂತರವಿರುವುದಿಲ್ಲ. 5ಡಬ್ಲ್ಯೂ-30ರಂಥ ಎಸ್‌ಎಇ ದರ್ಜೆಯ (ಆಯಿಲ್‌ನ ದಪ್ಪದ ಗುರುತು) ಎರಡನೆಯ ಅಂಕಿಯು ಆಯಿಲ್ 100 ಡಿಗ್ರಿ ಕಾದಾಗ ಎಷ್ಟು ದಪ್ಪವಾಗಿರುತ್ತದೆ ಎಂಬುದನ್ನು ಹೇಳುತ್ತದೆ. 30ರ ದರ್ಜೆಗೆ ಅದು 9.3ರಿಂದ 12.5 ಸೆಂಟಿಸ್ಟೋಕ್ಸ್ (ದಪ್ಪದ ಅಳತೆ, ಅಂಕಿ ಹೆಚ್ಚಿದಷ್ಟೂ ದಪ್ಪ), 50ಕ್ಕೆ 16.3ರಿಂದ 21.9.

ನಿಜವಾದ ತೊಂದರೆ ಇರುವುದು ತಣ್ಣಗಿರುವಾಗ. 40 ಡಿಗ್ರಿಯಲ್ಲಿ ಸಾಮಾನ್ಯ 5ಡಬ್ಲ್ಯೂ-30 ಸುಮಾರು 65 ಸೆಂಟಿಸ್ಟೋಕ್ಸ್ ಇದ್ದರೆ 20ಡಬ್ಲ್ಯೂ-50 ಸುಮಾರು 160ರಷ್ಟಿರುತ್ತದೆ, ಬೆಳಗಿನ 28 ಡಿಗ್ರಿಗೆ ಅದು ಇನ್ನೂ ಗಟ್ಟಿ. ರಾತ್ರಿಯಿಡೀ ಕೆಳಗಿಳಿದು ಕೂತ ಆಯಿಲ್ ಪಂಪಿನಿಂದ ಮೇಲೇರಿ, ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಮುಟ್ಟುವಷ್ಟರಲ್ಲಿ ತಡವಾಗುತ್ತದೆ. ನಿಮಗೆ ಕೇಳಿಸುತ್ತಿರುವ ಟಕಟಕ ಬಹುಶಃ ಆ ತಡದ್ದೇ, ಎಂಜಿನ್ ಹೆಚ್ಚು ಸವೆಯುವುದೂ ಆ ಹೊತ್ತಿನಲ್ಲೇ. ಎರಡು ಸಣ್ಣ ಗಾಜಿನ ಶೀಷೆಗಳಲ್ಲಿ ಎರಡೂ ಆಯಿಲ್ ತುಂಬಿ, ಮೇಲೆ ಸ್ವಲ್ಪ ಗಾಳಿ ಬಿಟ್ಟು, ಒಂದು ರಾತ್ರಿ ಫ್ರಿಜ್‌ನಲ್ಲಿಟ್ಟು ತಲೆಕೆಳಗು ಮಾಡಿ ನೋಡಿ: ಒಂದರಲ್ಲಿ ಗುಳ್ಳೆ ಸರಸರನೆ ಮೇಲೇರುತ್ತದೆ, ಇನ್ನೊಂದರಲ್ಲಿ ತೆವಳುತ್ತದೆ.

ಉತ್ತರ 2:
ಮೇಲಿನ ಮಾತು ಸರಿ. ಆದರೂ ನಿಮ್ಮ ಮೆಕ್ಯಾನಿಕ್ ಹೇಳಿದ್ದಕ್ಕೆ ಹಿಂದೊಂದು ಆಧಾರವಿತ್ತು. ಅಂಬಾಸಿಡರ್ ಕಾಲದ ಎಂಜಿನ್‌ಗಳಿಗೆ 20ಡಬ್ಲ್ಯೂ-40ರಂಥ ದಪ್ಪ ಆಯಿಲ್ ಹಾಕುವುದೇ ವಾಡಿಕೆಯಾಗಿತ್ತು, ಅವು ಅದಕ್ಕೆ ಹೊಂದುವಂತೆಯೇ ಇದ್ದವು. ಇಂದಿನ ಎಂಜಿನ್‌ಗಳಲ್ಲಿ ವಾಲ್ವ್‌ಗಳ ಸಮಯ ಬದಲಿಸುವ ವಿವಿಟಿ ವ್ಯವಸ್ಥೆಯೇ ಸಣ್ಣ ಸಣ್ಣ ಮಾರ್ಗಗಳಲ್ಲಿ ಹರಿಯುವ ಆಯಿಲ್‌ನ ಒತ್ತಡದಿಂದ ಕೆಲಸ ಮಾಡುತ್ತದೆ. ಅಲ್ಲಿ ದಪ್ಪವೆಂಬುದು ಬಲವಲ್ಲ.

ಹೊಗೆ ನೀಲಿಯಾಗಿದ್ದರೆ ಅಥವಾ ಆಯಿಲ್ ಬೇಗ ಇಳಿಯುತ್ತಿದ್ದರೆ ಮಾತ್ರ, ಕೈಪಿಡಿಯ ಪಟ್ಟಿಯೊಳಗೇ ಒಂದು ಮೆಟ್ಟಿಲು ಮೇಲಿನ ದರ್ಜೆಯನ್ನು ಯೋಚಿಸಬಹುದು. ವಾಲ್ವ್ ಸೀಲ್ ಅಥವಾ ರಿಂಗ್ ಸವೆದಿದ್ದರೆ ಯಾವ ಆಯಿಲ್ ಕೂಡ ಅದಕ್ಕೆ ಮದ್ದಲ್ಲ. ನಿಮ್ಮ ಕಾರಿನಲ್ಲಿ ಹಾಗೇನಾದರೂ ಇದೆಯೇ?

ಪ್ರಶ್ನೆ ಕೇಳಿದವರಿಂದ:
ಹೊಗೆ ಇಲ್ಲ. ಹಿಂದೆ 5ಡಬ್ಲ್ಯೂ-30 ಇದ್ದಾಗ ಸರ್ವಿಸ್‌ನಿಂದ ಸರ್ವಿಸ್‌ಗೆ ಡಿಪ್‌ಸ್ಟಿಕ್‌ನಲ್ಲಿ ಗುರುತು ಅರ್ಧ ಬೆರಳಿನಷ್ಟೂ ಇಳಿಯುತ್ತಿರಲಿಲ್ಲ. ಮುಂದಿನ ಸರ್ವಿಸ್‌ವರೆಗೆ ಕಾಯಲೇ, ಈಗಲೇ ಬದಲಿಸಲೇ? ನಮ್ಮ ಅಣ್ಣನ ಬಿಎಸ್6 ಡೀಸೆಲ್ ಕಾರಿಗೂ ಇದೇ 5ಡಬ್ಲ್ಯೂ-30 ಹಾಕಬಹುದೇ?

ಉತ್ತರ 1ರವರಿಂದ:
ಹಾಗಿದ್ದರೆ ದಪ್ಪದ ಅಗತ್ಯ ಮೊದಲಿನಿಂದಲೂ ಇರಲಿಲ್ಲ. ಬೆಳಗಿನ ಸದ್ದು ದಿನವೂ ಬರುತ್ತಿರುವುದರಿಂದ ನಾನಾಗಿದ್ದರೆ ಕಾಯುತ್ತಿರಲಿಲ್ಲ. ಫಿಲ್ಟರ್ ಸಹಿತ ಈಗಲೇ ಬದಲಿಸುತ್ತಿದ್ದೆ. ಡಬ್ಬಿಯ ಮೇಲೆ ದರ್ಜೆಯ ಜೊತೆಗೆ ಎಪಿಐ ಎಸ್‌ಎನ್ ಅಥವಾ ಎಸ್‌ಪಿ (ಪೆಟ್ರೋಲ್ ಎಂಜಿನ್ ಆಯಿಲ್‌ನ ಗುಣಮಟ್ಟದ ಗುರುತು) ಎಂದಿದೆಯೇ ನೋಡಿಕೊಳ್ಳಿ. ಬದಲಿಸಿದ ಮೇಲೂ ಸದ್ದು ನಿಲ್ಲದಿದ್ದರೆ ಕ್ಯಾಮ್‌ಶಾಫ್ಟ್ ತಿರುಗಿಸುವ ಚೈನನ್ನು ಬಿಗಿಯಾಗಿಡುವ ಟೈಮಿಂಗ್ ಚೈನ್ ಟೆನ್ಷನರ್ ಪರೀಕ್ಷಿಸಿ. ಡೀಸೆಲ್ ಕಾರಿನ ಲೆಕ್ಕವೇ ಬೇರೆ. ಅದರಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಇದ್ದರೆ ಬೂದಿ ಕಡಿಮೆ ಬಿಡುವ ಆಯಿಲ್ಲೇ ಬೇಕು, ಇಲ್ಲದಿದ್ದರೆ ಆ ಫಿಲ್ಟರ್ ಕಾಲಕ್ಕೆ ಮುಂಚೆಯೇ ಕಟ್ಟಿಕೊಳ್ಳುತ್ತದೆ. ಅಣ್ಣನವರ ಕೈಪಿಡಿಯಲ್ಲಿ ಎಸಿಇಎ ಸಿ2 ಅಥವಾ ಸಿ3 (ಅಂಥ ಕಡಿಮೆ ಬೂದಿಯ ಆಯಿಲ್‌ಗಳ ಗುರುತು) ಎಂದು ಬರೆದಿದೆಯೇ ಎಂದು ಮೊದಲು ನೋಡಲು ಹೇಳಿ.