ಫ್ರೆಂಚಿನ ‘ಸ’ ತಲೆಗೆ ಹತ್ತುತ್ತಿಲ್ಲ, ಕಲಿತವರು ಅನುಭವ ಹೇಳಿ

ಹಾಸನದ ಹೊಸಬ: ಮುಂದಿನ ತಿಂಗಳು ಡೆಲ್ಫ್ ಬಿ1, ಅಂದರೆ ಫ್ರೆಂಚ್ ಭಾಷೆಯ ಮಧ್ಯಮ ಮಟ್ಟದ ಪರೀಕ್ಷೆ. ‘ಜ ಮ ಲಾವ್’ (ನಾನು ತೊಳೆದುಕೊಳ್ಳುತ್ತೇನೆ; ‘ನಾನು’ ಬಂದಾಗ ‘ಸ’ ‘ಮ’ ಆಗುತ್ತೆ) ತನಕ ಸರಿ, ಭೂತಕಾಲದಲ್ಲಿ ಎಡವುತ್ತೇನೆ. ‘ಅವಳು ಕೈ ತೊಳೆದುಕೊಂಡಳು’ ಅಂತ ಬರೆಯುವಾಗ ‘ಲಾವೇ’ (lavé) ಕೊನೆಗೆ ‘ಅವಳು’ ಅಂತ ತೋರಿಸೋಕೆ ಇನ್ನೊಂದು ‘ಇ’ (e) ಬೇಕಾ?

ಕೊಳ್ಳು ಪಂಡಿತ: ನಮ್ಮ ‘ಕೊಳ್ಳು’ ಇದೆಯಲ್ಲ, ಅದೇ ‘ಸ’. ತೊಳೆದುಕೊಳ್ಳು, ‘ಸ ಲಾವೇ’. ನೆನಪಿಸಿಕೊಳ್ಳು, ‘ಸ ಸುವ್ನೀರ್’. ಕ್ಲಾಸಿಗೆ ಒಂದು ರೂಪಾಯಿ ಕೊಡದೆ 8 ತಿಂಗಳಲ್ಲಿ ಬಿ1 ಮುಗಿಸಿದೆ. ಮಗಳನ್ನು ಸ್ಕೂಲಿಗೆ ಬಿಟ್ಟು ಬಂದು ದಿನಾ ಒಂದು ಗಂಟೆ ಕೂತೆ, ಅಷ್ಟೇ.

ನಲವತ್ತೇಳು: ಈ ಕೊಳ್ಳು ನಂಬಿ ಕೆಟ್ಟವಳು ನಾನು. ಪರೀಕ್ಷೆಯ ಪತ್ರದಲ್ಲಿ ‘ಆಹ್ವಾನ ಒಪ್ಪಿಕೊಳ್ಳುತ್ತೇನೆ’ ಅನ್ನೋಕೆ ‘ಜ ಮಾಕ್ಸೆಪ್ತ್’ ಅಂತ ಬರೆದೆ. ನನ್ನನ್ನು ನಾನೇ ಒಪ್ಪಿಕೊಂಡ ಹಾಗಾಯ್ತು! ಏಳು, ಮಲಗು ಅನ್ನೋದಕ್ಕೆ ನಮಗೆ ಕೊಳ್ಳು ಬೇಕೇ ಬೇಕು ಅಂತಿಲ್ಲ, ಅವರಿಗೆ ‘ಸ’ ಬೇಕೇ ಬೇಕು. ಕ್ಲಾಸಿಗೆ 22,000, ಪುಸ್ತಕಕ್ಕೆ 1,450, ಆರು ತಿಂಗಳು ಪ್ರತಿ ಶನಿವಾರ ತುಮಕೂರಿಂದ ಬೆಂಗಳೂರಿಗೆ ಓಡಾಟ, ಅದರಲ್ಲಿ ಎರಡು ಸಲ ಕ್ಲಾಸೇ ಇರಲಿಲ್ಲ. ಬಂದದ್ದು 100ಕ್ಕೆ 47. ಪಾಸಾಗಲು 50.

ಕೊಳ್ಳು ಪಂಡಿತ: ಡಿಕ್ಷನರಿ ತೆಗೆಯದೆ ಬರೆದರೆ ಕೊಳ್ಳು ಏನು ಮಾಡುತ್ತೆ?

ನಲವತ್ತೇಳು: ಪರೀಕ್ಷೆಯಲ್ಲಿ ಡಿಕ್ಷನರಿ ಕೊಡ್ತಾರಾ ಸ್ವಾಮಿ? ನಿಜವಾಗ್ಲೂ ಬರೆದಿದ್ದೀರಾ?

ಮಾಂಟ್ರಿಯಲ್ ಅಕ್ಕ: ಜಗಳ ಬಿಡಿ, ನನ್ನ ಕಥೆ ಕೇಳಿ. ಫ್ರೆಂಚ್ ಮಾತಾಡುವ ಈ ಕೆನಡಾ ಊರಿನ ಒಂದು ಕೌಂಟರಿನಲ್ಲಿ ಯಜಮಾನರ ಹುಟ್ಟಿದ ತಾರೀಖು ತಪ್ಪು ಹೇಳಿಬಿಟ್ಟೆ. ‘ತಪ್ಪಾಯ್ತು’ ಅನ್ನೋಕೆ ‘ಜ ಮ ಸ್ವಿ ತ್ರೊಂಪೇ’ ಅನ್ನಬೇಕಿತ್ತು. ‘ಮ’ ನುಂಗಿ ‘ಜೇ ತ್ರೊಂಪೇ’ ಅಂದೆ. ಅಂದರೆ ಮೋಸ ಮಾಡಿದೆ! ಆಕೆ ನಿಧಾನಕ್ಕೆ ಯಜಮಾನರ ಕಡೆ ತಿರುಗಿ ನೋಡಿದಳು. ಇವರು ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾರೆ. ಕೊನೆಯ ‘ಇ’ ಬಗ್ಗೆ ಮಾತ್ರ ತಲೆ ಕೆಡಿಸ್ಕೋಬೇಡಿ, ಕಿವಿಗೆ ಕೇಳಿಸುವುದೇ ಇಲ್ಲ.

ನಲವತ್ತೇಳು: ಗಂಡಸಿಗೆ ‘ಮಿ’, ಹೆಂಗಸಿಗೆ ‘ಇ’ ಸೇರಿ ‘ಮೀಜ್’, ಕೇಳಿಸಲ್ವಾ ಅಕ್ಕ? ಅವಳು ಅಳಲು ಶುರು ಮಾಡಿದಳು, ‘ಎಲ್ ಸೆ ಮೀಜ್ ಆ ಪ್ಲರೇ’. ಅಲ್ಲಿದ್ದು ಇಷ್ಟೂ ಗೊತ್ತಿಲ್ವಾ?

ಮಾಂಟ್ರಿಯಲ್ ಅಕ್ಕ: ಫೇಲಾದವರ ಹತ್ತಿರ ಪಾಠ ಬೇರೆ! ಕೆನಡಾ ಕೇಂದ್ರ ಸರ್ಕಾರದ ವಲಸೆ ಅರ್ಜಿಗೆ ಡೆಲ್ಫೇ ದಂಡ, ಟಿಇಎಫ್‌ನಂಥ ಬೇರೆ ಫ್ರೆಂಚ್ ಪರೀಕ್ಷೆ ಬರೀಬೇಕು.

ಕೊಳ್ಳು ಪಂಡಿತ: ಟಿಇಎಫ್ ಎರಡೇ ವರ್ಷ ನಡೆಯೋದು. ನನ್ನ ಡೆಲ್ಫ್ ಸಾಯೋತನಕ.

ಹಾಸನದ ಹೊಸಬ: ನಾನು ಕೆನಡಾಕ್ಕೆ ಹೋಗ್ತಿಲ್ಲ. ‘ಇ’ ಬೇಕಾ, ಬೇಡ್ವಾ?

ನಲವತ್ತೇಳು: ಬೇಡ. ಫ್ರೆಂಚಿನಲ್ಲಿ ‘ಕೈ’ ಅನ್ನೋದು ‘ಲಾವೇ’ ಆದಮೇಲೆ ಬರುತ್ತಲ್ಲ. ಬರೀ ‘ತೊಳೆದುಕೊಂಡಳು’ ಅಂದರೆ ಬೇಕು. ಪಂಡಿತರೇ, ಆ 8 ತಿಂಗಳ ಸರ್ಟಿಫಿಕೇಟ್ ಫೋಟೋ ಹಾಕಿ ನೋಡೋಣ.